ನನ್ನ ತಂಗಿಯ ಮನೆಯ ಚುಕ್ಕೆಯನ್ನು ಕೆಂಪು ಮಾಡಿ

ನೆರೆ ಎಚ್ಚರಿಕೆ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ಕೇಂದ್ರದ ಗೋಡೆಯಗಲದ ಪರದೆಯ ಮೇಲೆ ನನ್ನ ತಂಗಿಯ ಮನೆ ಹಸಿರು ಚುಕ್ಕೆಯಾಗಿ ಹೊಳೆಯುತ್ತಿದೆ. ಹಸಿರು ಎಂದರೆ, ಅಣೆಕಟ್ಟೆಯ ಗೇಟು ತೆರೆದಾಗ ಆ ಮನೆಗೆ ಎಚ್ಚರಿಕೆ ತಲುಪುತ್ತದೆ ಎಂದು ಅರ್ಥವಂತೆ. ತಲುಪುವುದಿಲ್ಲ. ಕಳೆದ ಮಳೆಗಾಲದಲ್ಲಿ ತಲುಪಲಿಲ್ಲ, ಈಗಲೂ ತಲುಪುವುದಿಲ್ಲ. ಎಚ್ಚರಿಕೆ ಬಿತ್ತರಿಸುವ ತರಂಗಾಂತರವನ್ನು ನೀವು ಬದಲಿಸಿದಿರಿ. ಹೊಸ ತರಂಗಾಂತರವನ್ನು ಮನೆಮನೆಯ ರೇಡಿಯೋ ರಿಸೀವರ್‌ಗೆ ತುಂಬಬೇಕಾದ ತಂತ್ರಾಂಶವನ್ನು ಒಂದೇ ಬಗೆಯ ಕಂಪ್ಯೂಟರಿನಲ್ಲಿ, ಆ ಬಗೆಯಲ್ಲೂ ವಯಸ್ಸಾದವುಗಳಲ್ಲಿ ಮಾತ್ರ ಓಡುವಂತೆ ಮಾಡಿಸಿದಿರಿ. ಆಮೇಲೆ ಕೈತೊಳೆದುಕೊಂಡಿರಿ. ಆ ಹಸಿರು ಚುಕ್ಕೆಯನ್ನು ಕೆಂಪು ಮಾಡಿ ಎಂದು ಕೇಳಲು ಈ ಪತ್ರ. ಇಷ್ಟು ಸಣ್ಣ ಕೆಲಸಕ್ಕೆ ಊರೆಲ್ಲ ಓದುವ ಹಾಗೆ ಪತ್ರ ಬರೆಯಬೇಕೇ ಎಂದು ನೀವು ಕೇಳಬಹುದು. ನಿಮ್ಮ ಕೌಂಟರಿನಲ್ಲಿ ಕೇಳಿ, ಆಗುವುದಿಲ್ಲ ಎಂದು ಹೇಳಿಸಿಕೊಂಡು ಬಂದ ಮೇಲೆಯೇ ಬರೆಯುತ್ತಿದ್ದೇನೆ.

ತಂಗಿಗೆ ಕಿವಿ ಕೇಳಿಸುವುದಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಬಂದ ಜ್ವರ ಕಿವಿಯನ್ನು ಕೊಂಡೊಯ್ದಿತು, ನಾಲಗೆಯನ್ನು ಮುಟ್ಟಲಿಲ್ಲ. ಎದುರಿಗಿರುವವರ ತುಟಿ ನೋಡಿ ಮಾತು ಹಿಡಿಯುತ್ತಾಳೆ. ಹಿಡಿದ ಮಾತಿಗೆ ಉತ್ತರ ಕೊಡದೆ ಬಿಟ್ಟವಳಲ್ಲ. ನದಿಯ ಕಡೆಗಿನ ಕೊನೆಯ ಬೀದಿಯಲ್ಲಿ ಅವಳ ಮನೆ. ಬೀದಿಗಿಂತ ನಾಲ್ಕು ಮೆಟ್ಟಿಲು ಕೆಳಗಿರುವ ಕೋಣೆಯಲ್ಲಿ ಸೋಫಾಗಳಿಗೆ, ಬಸ್ಸಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಾಳೆ. ದಪ್ಪ ಬಟ್ಟೆ ಹೊಲಿಯುವ ಆ ಯಂತ್ರವನ್ನು ನಾಲ್ಕಾಳು ಸೇರಿದರೂ ಮಹಡಿಗೆ ಹತ್ತಿಸಲಾಗದು, ಹಾಗಾಗಿ ಯಂತ್ರ ಇರುವಲ್ಲಿ ಅವಳಿರಬೇಕು. ಗಂಡ ದೂರದೂರಿನ ಬಸ್ಸಿನ ಚಾಲಕ. ವಾರದಲ್ಲಿ ಅರ್ಧ ಹೊರಗೇ ಇರುತ್ತಾನೆ. ನಿಮ್ಮ ಕೇಂದ್ರ ಇಂಥ ಮನೆಗಳಿಗೆಂದೇ ಒಂದು ವಿಶೇಷ ರಿಸೀವರ್ ಕೊಟ್ಟಿತ್ತು. ಎಚ್ಚರಿಕೆ ಬಂದೊಡನೆ ಅದು ದಿಂಬಿನಡಿಯ ಬಿಲ್ಲೆಯೊಂದನ್ನು ಗಡಗಡ ಅದುರಿಸುತ್ತಿತ್ತು, ಕೆಳಗಿನ ಕೋಣೆಯ ಕಿಟಕಿಯಲ್ಲಿ ದೊಡ್ಡ ದೀಪವೊಂದನ್ನು ಮಿಂಚಿಸುತ್ತಿತ್ತು. ಆ ದೀಪವನ್ನು ನಂಬಿ ನನ್ನ ಭಾವ ನಿಶ್ಚಿಂತೆಯಿಂದ ಬಸ್ಸು ಹತ್ತುತ್ತಿದ್ದ. ಕೇಂದ್ರ ಮಾಡಿದ ಒಳ್ಳೆಯ ಕೆಲಸ ಅದು. ಹೊಗಳುವುದರಲ್ಲಿ ನಾನು ಜಿಪುಣನಲ್ಲ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ನಿಮಗೆ ನೆನಪಿರಲಿಕ್ಕಿಲ್ಲ, ನಿಮ್ಮ ಕುರ್ಚಿಯಲ್ಲಿ ಯಾರೂ ನೆನಪು ಬೆಳೆಯುವಷ್ಟು ಕಾಲ ಕೂರುವುದಿಲ್ಲ. ನನಗೆ ನೆನಪಿದೆ. ಮೊದಲು ಅಗ್ನಿಶಾಮಕ ಠಾಣೆಯ ಮೇಲೆ ಒಂದು ಸೈರನ್ ಇತ್ತು. ಅದರ ಸದ್ದಿಗೆ ಹೊಸ ಬಡಾವಣೆಯವರ ಮಧ್ಯಾಹ್ನದ ನಿದ್ದೆ ಕೆಡುತ್ತದೆ ಎಂದು ನಿಮ್ಮ ಹಿಂದಿನವರ ಹಿಂದಿನವರು ಅದನ್ನು ಇಳಿಸಿದರು. ಆಮೇಲೆ ಮನೆಗೊಂದು ರಿಸೀವರ್ ಬಂತು. ಅವುಗಳಿಗೆ ತರಂಗಾಂತರ ತುಂಬಲು ಕೇಂದ್ರದ ತಂತ್ರಜ್ಞರೊಬ್ಬರು ಸೊಂಟಕ್ಕೆ ಕಟ್ಟಿದ ಪುಟ್ಟ ಪೆಟ್ಟಿಗೆಯೊಂದಿಗೆ ಮನೆಮನೆಗೆ ಬರುತ್ತಿದ್ದರು. ವೈರು ಸಿಕ್ಕಿಸುವುದು, ಗುಂಡಿ ಒತ್ತುವುದು, ದೀಪ ಮಿಂಚಿತೇ ಎಂದು ಕಣ್ಣಾರೆ ನೋಡುವುದು, ಒಂದು ಲೋಟ ನೀರು ಕುಡಿದು ಮುಂದಿನ ಮನೆಗೆ ಹೋಗುವುದು. ಆ ಪೆಟ್ಟಿಗೆಗೆ ಕಂಪ್ಯೂಟರಿನ ಹಂಗಿರಲಿಲ್ಲ. ನೀವು ಬಂದ ಮೇಲೆ ಅದು ಹಳತಾಯಿತು. ನಾಗರಿಕರು ಈಗ ಡಿಜಿಟಲ್ ಆಗಿದ್ದಾರೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ ಎಂದು ಭಾಷಣ ಮಾಡಿದಿರಿ. ಅಣೆಕಟ್ಟೆ ನಿಮ್ಮದು, ನೀರು ಬಿಡುವವರು ನೀವು, ತರಂಗಾಂತರ ಬದಲಿಸಿದವರು ನೀವು. ಇದರಲ್ಲಿ ನಮ್ಮ ಕೆಲಸ ಯಾವುದು ಎಂದು ಅಂದು ಸಭೆಯಲ್ಲಿ ಯಾರಾದರೂ ಕೇಳಬೇಕಿತ್ತು. ಚಪ್ಪಾಳೆ ತಟ್ಟುವುದರಲ್ಲಿ ಕೈ ಬಿಡುವಾಗಿರಲಿಲ್ಲ.

ಮನೆಗೆ ಒಂದು ಕೇಬಲ್ಲು ಮತ್ತು ಒಂದು ಕರಪತ್ರ ಬಂತು. ‘ಯಾವುದೇ ಕಂಪ್ಯೂಟರಿನಲ್ಲಿ ಸುಲಭವಾಗಿ ಮಾಡಬಹುದು’ ಎಂದು ದಪ್ಪಕ್ಷರದಲ್ಲಿತ್ತು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದವನು. ದಪ್ಪಕ್ಷರದ ಮಾತುಗಳನ್ನು ಎರಡು ಸಲ ಓದುವ ರೂಢಿ. ಕೊನೆಯ ಪುಟದ ತಳದಲ್ಲಿ, ಇರುವೆಗಳ ಸಾಲಿನಂಥ ಅಕ್ಷರಗಳಲ್ಲಿ, ತಂತ್ರಾಂಶ ಓಡುವುದು ವಿಂಡೋಸ್‌ನಲ್ಲಿ ಮಾತ್ರ, ಅದರಲ್ಲೂ ಒಂದು ಹಳೆಯ ಆವೃತ್ತಿಯಲ್ಲಿ ಮಾತ್ರ ಎಂದಿತ್ತು. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಆಪರೇಟಿಂಗ್ ಸಿಸ್ಟಮ್‌ಗಳು ಹಲವಿವೆ, ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ ಎಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ತಂತ್ರಾಂಶ ಬರೆಸಿದ ನಿಮಗೆ ಗೊತ್ತಿರಲಿಲ್ಲವೇ? ಅಥವಾ ಗೊತ್ತಿದ್ದೇ ಆ ಇರುವೆಸಾಲನ್ನು ಹಾಕಿಸಿದಿರೇ? ಎರಡರಲ್ಲಿ ಯಾವುದು ನಿಮಗೆ ಕಡಿಮೆ ಅವಮಾನವೋ ಅದನ್ನೇ ಆರಿಸಿಕೊಳ್ಳಿ.

ತಂಗಿಯ ಬಳಿ ಇರುವುದು ಮ್ಯಾಕ್. ಹೊದಿಕೆಗಳ ಅಳತೆಯ ನಕ್ಷೆ ಬರೆಯಲು ಕೊಂಡದ್ದು. ಅದರಲ್ಲಿ ನಿಮ್ಮ ತಂತ್ರಾಂಶ ಕಣ್ಣೇ ತೆರೆಯಲಿಲ್ಲ. ಭಾವ ಬಸ್ ನಿಲ್ದಾಣಕ್ಕೆ ಹೊರಡುವ ಮುಂಚೆ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದ. ಗಮನಿಸಿ, ಕಿವಿ ಕೇಳಿಸದವರಿಗೆ ಕೊಟ್ಟ ಸಾಧನದ ಸಹಾಯವಾಣಿ ಇರುವುದು ಫೋನಿನಲ್ಲಿ ಮಾತ್ರ. ಸ್ಪೀಕರ್ ಹಾಕಿದ್ದರಿಂದ ಮಾತುಕತೆ ನನಗೂ ಕೇಳಿಸಿತು.

“ಸಾಧನ ಯಾರ ಹೆಸರಲ್ಲಿದೆ ಸಾರ್?”

“ನನ್ನ ಹೆಂಡ್ತಿ ಹೆಸರಲ್ಲಿ.”

“ಹಾಗಿದ್ರೆ ಅವರೇ ಮಾತಾಡ್ಬೇಕು.”

“ಅವಳಿಗೆ ಕಿವಿ ಕೇಳ್ಸಲ್ಲ. ಅದಕ್ಕೇ ತಾನೆ ನೀವು ಆ ಡಬ್ಬ ಕೊಟ್ಟಿರೋದು.”

“ಅರ್ಥ ಆಯ್ತು ಸಾರ್. ಆದ್ರೂ ಒಂದು ಸಲ ಅವರ ಧ್ವನೀಲಿ ಹೌದು ಅಂತ ಹೇಳ್ಸಿ. ನಿಯಮ.”

ಭಾವ ಫೋನನ್ನು ಅವಳ ಮುಂದೆ ಹಿಡಿದ. “ಹೌದು ಅನ್ನು.”

“ಏನು ಕೇಳಿದ್ರು ಅಂತ ಹೌದು ಅನ್ಲಿ?”

“ಸುಮ್ನೆ ಅನ್ನೇ, ಬಸ್ಸಿಗೆ ಹೊತ್ತಾಯ್ತು.”

“ಹೌದು. ಹೌದು. ಇನ್ನೊಂದು ಬೇಕಾ ಕೇಳು.”

ಮರುದಿನ ಅವಳಿಗೆ ಸಂದೇಶ ಬಂತು: ‘ನಿಮ್ಮ ಸಮಸ್ಯೆ ಪರಿಹಾರವಾಗಿದೆ ಎಂದು ತಾವೇ ಖುದ್ದಾಗಿ ದೃಢಪಡಿಸಿದ್ದೀರಿ. ದೂರನ್ನು ಮುಕ್ತಾಯಗೊಳಿಸಲಾಗಿದೆ.’ ತಂಗಿ ಅದನ್ನು ನನಗೆ ತೋರಿಸಿ, “ನೋಡಣ್ಣ, ಮೊದಲ್ನೇದು ಹೆಸರಿಗೆ, ಎರಡ್ನೇದು ಇದಕ್ಕೆ. ಮೂರ್ನೇ ಸಲ ಹೌದು ಅಂದಿದ್ರೆ ಮನೇನೂ ಬರ್ಕೊಂಡ್ ಬಿಡ್ತಿದ್ರೇನೋ” ಎಂದಳು.

ನನ್ನ ಕಂಪ್ಯೂಟರಿನಲ್ಲಿ ಇರುವುದು ಲಿನಕ್ಸ್. ಯಂತ್ರ ಹಳೆಯದು, ದುಬಾರಿ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹೊರಲಾರದು ಎಂದು ಬಲ್ಲವರು ಹಾಕಿಕೊಟ್ಟದ್ದು. ವಿಂಡೋಸ್‌ನ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ದುಭಾಷಿ ತಂತ್ರಾಂಶವೊಂದಿದೆ. ಅದರ ಕೈಕಾಲು ಹಿಡಿದು ನಿಮ್ಮದನ್ನು ತೆರೆದೆ. ತೆರೆಯಿತು. ಕೇಂದ್ರದ ಲಾಂಛನ ಬಂತು, ನಿಮ್ಮ ಭಾವಚಿತ್ರ ಬಂತು, ಶುಭಾಶಯ ಬಂತು. ಇಷ್ಟಕ್ಕೆಲ್ಲ ಯಾವ ಅಡ್ಡಿಯೂ ಆಗಲಿಲ್ಲ. ಕೇಬಲ್ಲನ್ನು ಗುರುತಿಸುವ ಹೊತ್ತಿಗೆ ಮಾತ್ರ ಕಣ್ಣು ಮುಚ್ಚಿತು. ಎಲ್ಲ ಕಂಪ್ಯೂಟರಿನಲ್ಲೂ ಓಡಲೇಬೇಕು ಎಂದು ನೀವು ಕಾಳಜಿ ವಹಿಸಿದ್ದು ನಿಮ್ಮ ಭಾವಚಿತ್ರ ಒಂದೇ ಎಂದು ಕಾಣುತ್ತದೆ.

ಕೊನೆಗೆ ರಿಸೀವರನ್ನು ಚೀಲದಲ್ಲಿಟ್ಟುಕೊಂಡು ನಾನೂ ತಂಗಿಯೂ ಔಷಧಿ ಅಂಗಡಿಗೆ ಹೋದೆವು. ಅಂಗಡಿಯವರು ನನ್ನ ಹಳೆಯ ಗೆಳೆಯರು. ಗಲ್ಲಾಪೆಟ್ಟಿಗೆಯ ಪಕ್ಕದ ಅವರ ಕಂಪ್ಯೂಟರಿನಲ್ಲಿ ನಿಮಗೆ ಪ್ರಿಯವಾದ ಹಳೆಯ ವಿಂಡೋಸೇ ಇತ್ತು. ಕೇಬಲ್ಲು ಸಿಕ್ಕಿಸಿದರು, ರಿಸೀವರಿನ ಬೆನ್ನ ಮೇಲಿದ್ದ ಕ್ರಮಸಂಖ್ಯೆ ತುಂಬಿದರು, ಗುಂಡಿ ಒತ್ತಿದರು. ಹಸಿರು ಪಟ್ಟಿಯೊಂದು ಪರದೆಯ ಈ ತುದಿಯಿಂದ ಆ ತುದಿಗೆ ಓಡಿ ‘ಯಶಸ್ವಿ’ ಎಂದಿತು. ಅದೇ ಹೊತ್ತಿಗೆ ಬಿಲ್ಲಿನ ಪ್ರಿಂಟರ್ ಕರಕರ ಎಂದು ಮೊಳದುದ್ದದ ಕಾಗದ ಉಗುಳಿತು. ಅದರ ತುಂಬ ಚೌಕ, ಗೆರೆ, ಪ್ರಶ್ನಾರ್ಥಕ ಚಿಹ್ನೆ.

“ಇದೇನ್ರೀ?” ಎಂದೆ.

“ಅದಕ್ಕೆ ಆಗಾಗ ತಲೆ ಕೆಡತ್ತೆ ಬಿಡಿ,” ಎಂದು ಗೆಳೆಯರು ಹರಿದು ಬುಟ್ಟಿಗೆ ಹಾಕಿದರು. “ನಿಮ್ಮ ಕೆಲಸ ಆಯ್ತಲ್ಲ. ನೋಡಿ, ಯಶಸ್ವಿ.”

ನಾವು ನಂಬಿದೆವು. ಸರ್ಕಾರದ ಲಾಂಛನದ ಕೆಳಗೆ ಯಶಸ್ವಿ ಎಂದು ಬರೆದಿದ್ದರೆ ನಂಬಬಾರದು ಎಂಬ ಬುದ್ಧಿ ನಮಗೆ ಇನ್ನೂ ಬಂದಿರಲಿಲ್ಲ. ಆ ಕ್ಷಣವೇ ನಿಮ್ಮ ತಂತ್ರಾಂಶ ಇಂಟರ್ನೆಟ್ಟಿನ ಮೂಲಕ ನಿಮ್ಮ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ, ತಂಗಿಯ ಮನೆಯನ್ನು ಹಸಿರು ಮಾಡಿತ್ತು.

ಮಳೆಗಾಲದ ಒಂದು ಮಧ್ಯಾಹ್ನ ಗೇಟು ತೆರೆದಿರಿ. ತಂಗಿ ಕೆಳಗಿನ ಕೋಣೆಯಲ್ಲಿ ಬಸ್ಸಿನ ಸೀಟಿನ ಹೊದಿಕೆ ಹೊಲಿಯುತ್ತಿದ್ದಳು. ದೀಪ ಮಿಂಚಲಿಲ್ಲ. ಯಂತ್ರದ ಅದುರು ಇಡೀ ನೆಲದಲ್ಲಿದ್ದುದರಿಂದ ಬೇರೆ ಅದುರೂ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಪಾದ ತಣ್ಣಗಾದಾಗ. ತಿರುಗಿ ನೋಡಿದರೆ ಸ್ಪಂಜಿನ ತುಂಡುಗಳು ಕೋಣೆಯ ತುಂಬ ತೇಲುತ್ತಿದ್ದವು. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಹೊರಗೆ ಮೆಟ್ಟಿಲ ಗುಂಡಿಯಲ್ಲಿ ನಿಂತ ನೀರು ಅದನ್ನು ಒತ್ತಿ ಹಿಡಿದಿತ್ತು. ಅವಳು ಭುಜ ಕೊಟ್ಟು ನೂಕಿದಳು, ಆಗಲಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ನೀರು ಮೊಣಕಾಲು ದಾಟಿದ ಮೇಲೆ ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ ನಿಂತಳು. ಕೂಗಿದಳಂತೆ. ಕೂಗು ಹೊರಗೆ ಕೇಳಿಸುತ್ತಿದೆಯೋ ಇಲ್ಲವೋ ತಿಳಿಯುವ ದಾರಿ ಅವಳಿಗಿಲ್ಲ ಎಂಬುದನ್ನು ನೀವು ನಿಧಾನವಾಗಿ ಯೋಚಿಸಬೇಕೆಂದು ಕೋರುತ್ತೇನೆ.

ಅವಳನ್ನು ಹೊರತಂದವನು ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್. ಬೀದಿಯವರೆಲ್ಲ ಅವನನ್ನು ಬೋಲ್ಟು ಎನ್ನುತ್ತಾರೆ. ಅವನ ಬಳಿ ರಿಸೀವರೇ ಇಲ್ಲ. ಗ್ಯಾರೇಜಿನ ಗದ್ದಲದಲ್ಲಿ ಅದರಿಂದ ಪ್ರಯೋಜನವಿಲ್ಲ ಎಂದು ತೆಗೆದುಕೊಳ್ಳಲಿಲ್ಲ, ಹಾಗಾಗಿ ನಿಮ್ಮ ಪರದೆಯಲ್ಲಿ ಅವನದು ಕೆಂಪು ಚುಕ್ಕೆ. ಕೆಂಪು ಚುಕ್ಕೆಯ ಮನೆಗಳಿಗೆ ನಿಮ್ಮ ಕಾವಲುಗಾರ ಸೈಕಲ್ಲಿನಲ್ಲಿ ಬಂದು ಖುದ್ದಾಗಿ ಹೇಳಬೇಕು ಎಂಬುದು ನಿಯಮ. ಬಂದ, ಹೇಳಿದ. ತಂಗಿಯ ಬಾಗಿಲ ಮುಂದೆಯೇ ಸೈಕಲ್ ತುಳಿದುಕೊಂಡು ಹೋದ, ಏಕೆಂದರೆ ಅದು ಹಸಿರು ಮನೆ. ಬೋಲ್ಟು ತನ್ನ ಸ್ಕೂಟರುಗಳನ್ನು ಎತ್ತರಕ್ಕೆ ನೂಕುತ್ತಿದ್ದವನು ಆ ಕಿಟಕಿಯ ಕಡೆ ನೋಡಿ, ದೀಪ ಮಿಂಚದಿರುವುದನ್ನು ಕಂಡು, ಹಾರೆ ಹಿಡಿದು ಓಡಿಬಂದ. ಬಾಗಿಲು ಮೀಟಿ ತೆಗೆದು ಅವನು ಕೇಳಿದ್ದು, “ಅಕ್ಕಾ, ನಿಮ್ಮ ದೀಪಕ್ಕೆ ಏನಾಯ್ತು?”

“ಅದು ಪಾಸಾಗಿದೆ ಕಣೋ,” ಎಂದಳಂತೆ ತಂಗಿ, ಎದೆಮಟ್ಟದ ಮೆಟ್ಟಿಲ ನೀರಿನಲ್ಲಿ ಅವನ ತೋಳು ಹಿಡಿದುಕೊಂಡು. “ಔಷಧಿ ಅಂಗಡೀಲಿ ಪಾಸಾಗಿದೆ.”

ಒಂದು ಪೆಟ್ಟಿಗೆಯೂ ಇಲ್ಲದ, ಎರಡೂ ಕಿವಿ ಚೆನ್ನಾಗಿರುವ ಮನುಷ್ಯನಿಗೆ ಮನೆ ಬಾಗಿಲಿಗೆ ಬಂದು ಎಚ್ಚರಿಕೆ. ಕಿವಿ ಕೇಳಿಸದ, ಅದಕ್ಕಾಗಿಯೇ ಪೆಟ್ಟಿಗೆ ಪಡೆದ ಹೆಂಗಸಿಗೆ ಹಸಿರು ಚುಕ್ಕೆ. ಇದನ್ನು ರೂಪಿಸಲು ಎಷ್ಟು ಸಭೆಗಳಾದವು, ಎಷ್ಟು ಮಂದಿ ತಜ್ಞರು ತಲೆ ಕೆಡಿಸಿಕೊಂಡರು ಎಂದು ತಿಳಿಯುವ ಆಸೆ ನನಗೆ. ಒಬ್ಬನೇ ಕೂತು ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವುದು ಸಾಧ್ಯವಿಲ್ಲ.

ನೀರಿಳಿದ ಮೇಲೆ ಔಷಧಿ ಅಂಗಡಿಯ ಗೆಳೆಯರು ಕಂಪ್ಯೂಟರಿನ ಮುಂದೆ ಕೂತು ಹುಡುಕಿ ಕಂಡುಹಿಡಿದದ್ದು ಇದು: ಕಂಪ್ಯೂಟರಿಗೆ ಜೋಡಿಸುವ ಸಾಧನಗಳಿಗೆ ಒಳಗೆ ಒಂದೊಂದು ದ್ವಾರಸಂಖ್ಯೆ ಇರುತ್ತದೆ. ರಿಸೀವರ್ ಯಾವ ದ್ವಾರದಲ್ಲಿದೆ ಎಂದು ನಿಮ್ಮ ತಂತ್ರಾಂಶ ಕೇಳುವುದಿಲ್ಲ. ಅದು ಯಾವಾಗಲೂ ಮೂರನೆಯದಕ್ಕೇ ಸುರಿಯುತ್ತದೆ. ಅವರ ಅಂಗಡಿಯಲ್ಲಿ ಮೂರನೆಯ ದ್ವಾರದಲ್ಲಿದ್ದದ್ದು ಬಿಲ್ಲಿನ ಪ್ರಿಂಟರ್. ಹೀಗೆ ನಿಮ್ಮ ಹೊಸ ತರಂಗಾಂತರವನ್ನು ಪ್ರಿಂಟರ್ ಸ್ವೀಕರಿಸಿತು. ಸುರಿದದ್ದು ಸೇರಿತೇ ಎಂದು ತಿರುಗಿ ನೋಡುವ ಅಭ್ಯಾಸ ನಿಮ್ಮ ತಂತ್ರಾಂಶಕ್ಕಿಲ್ಲ. ಸುರಿದ ಕೂಡಲೇ ಯಶಸ್ವಿ. ತಂದೆಯ ಗುಣ ಮಕ್ಕಳಿಗೆ ಬರುತ್ತದಲ್ಲವೇ?

ಗೆಳೆಯರು ಪ್ರಿಂಟರನ್ನು ಕಿತ್ತು, ರಿಸೀವರನ್ನು ಮೂರನೆಯ ದ್ವಾರಕ್ಕೇ ಕೂರಿಸಿ ಮತ್ತೆ ಗುಂಡಿ ಒತ್ತಿದರು. ಪರದೆ ಹೇಳಿತು: ‘ಈ ಸಾಧನದ ಹೊಂದಾಣಿಕೆ ಈಗಾಗಲೇ ಯಶಸ್ವಿಯಾಗಿದೆ. ಮರುಪ್ರಯತ್ನಕ್ಕೆ ಅವಕಾಶವಿಲ್ಲ.’ ಅಂದರೆ ಹಸಿರು ಇರುವ ತನಕ ಬೇರೆ ಯಾವ ಕಂಪ್ಯೂಟರಿಗೆ ಹೊತ್ತೊಯ್ದರೂ ಆ ರಿಸೀವರ್‌ಗೆ ತರಂಗಾಂತರ ತುಂಬುವಂತಿಲ್ಲ. ಹಸಿರು ಇರುವ ತನಕ ಕಾವಲುಗಾರನೂ ಬರುವಂತಿಲ್ಲ. ಆದ್ದರಿಂದ ನಾನು ನಿಮ್ಮ ಕೇಂದ್ರಕ್ಕೆ ಬಂದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಸಭ್ಯಳು. ಅವಳ ಮೇಲೆ ನನಗೆ ಕೋಪವಿಲ್ಲ, ದಯವಿಟ್ಟು ಅವಳ ಮೇಲೆ ನೀವೂ ಮಾಡಿಕೊಳ್ಳಬೇಡಿ.

“ಅಂಕಲ್, ನಿಮ್ಮ ತಂಗಿ ಮನೆ ಹಸಿರಿದೆ. ಏನೂ ತೊಂದ್ರೆ ಇಲ್ಲ.”

“ಮನೆಯೊಳಗೆ ನೀರು ಬಂದಿತ್ತಮ್ಮ. ಮೇಜಿನ ಮೇಲೆ ಹತ್ತಿ ನಿಂತಿದ್ಲು.”

“ನೀರು ಅಣೆಕಟ್ಟೆ ವಿಭಾಗದ್ದು ಅಂಕಲ್. ನಮ್ದು ಎಚ್ಚರಿಕೆ ಮಾತ್ರ.”

“ಎಚ್ಚರಿಕೆನೂ ಬರ್ಲಿಲ್ಲ.”

“ಇಲ್ಲಿ ಬಂದಿದೆ ಅಂತ ತೋರಿಸ್ತಿದೆಯಲ್ಲ. ರಿಸೀವರ್ ಉತ್ತರ ಕೊಟ್ಟಿದೆ.”

“ರಿಸೀವರ್ ಕೇಳೋ ಯಂತ್ರ ಕಣಮ್ಮ. ಅದಕ್ಕೆ ಉತ್ತರ ಕೊಡೋಕೆ ಬಾಯೆಲ್ಲಿದೆ?”

ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಹಸಿರು ಮನೆಗಳೆಲ್ಲ ಉತ್ತರ ಕೊಟ್ಟಿವೆ ಅಂತ ಅದೇ ತುಂಬ್ಕೊಳತ್ತೆ ಅನ್ಸತ್ತೆ,” ಎಂದಳು ಮೆಲ್ಲಗೆ.

“ಸರಿ, ಕೆಂಪು ಮಾಡ್ಬಿಡು.”

“ಕೆಂಪಿಂದ ಹಸಿರಿಗೆ ಮಾಡೋಕೆ ಬಟನ್ ಇದೆ ಅಂಕಲ್. ಹಸಿರಿಂದ ಕೆಂಪಿಗೆ ಇಲ್ಲ. ಯಾರೂ ಇದುವರೆಗೆ ಕೇಳಿರ್ಲಿಲ್ಲ.”

“ನಿಮ್ಮ ಕಂಪ್ಯೂಟರಲ್ಲೇ ರಿಸೀವರ್‌ಗೆ ತುಂಬಿಕೊಡಿ ಹಾಗಾದ್ರೆ.”

“ಇಲ್ಲಿ ಆ ತಂತ್ರಾಂಶ ಓಡಲ್ಲ. ನಮ್ಮವೆಲ್ಲ ಹೊಸವು. ಓಡೋದು ಒಂದೇ ಒಂದು ಲ್ಯಾಪ್‌ಟಾಪ್, ಅದು ಸಾಹೇಬ್ರ ಜೊತೆ ಪ್ರದರ್ಶನಕ್ಕೆ ಹೋಗಿದೆ.”

ಸಾಹೇಬರು ತಾವೇ ಇರಬೇಕು. ಕೇಂದ್ರವೇ ಓಡಿಸಲಾಗದ ತಂತ್ರಾಂಶವನ್ನು ಸೋಫಾ ಹೊಲಿಯುವವಳು, ಬಸ್ ಓಡಿಸುವವನು ಓಡಿಸಿಕೊಳ್ಳಬೇಕು. ಅದು ಓಡುವ ಏಕೈಕ ಲ್ಯಾಪ್‌ಟಾಪ್ ಊರೂರು ತಿರುಗುತ್ತಾ ಅದು ಓಡುತ್ತದೆ ಎಂದು ತೋರಿಸಿಕೊಂಡು ಬರಬೇಕು. ಅಲ್ಲಿ ಚಪ್ಪಾಳೆ ಬಿದ್ದಿರಬಹುದು. ನಿಮ್ಮ ಪ್ರಕಟಣೆಯೂ ಬಂದಿದೆ: ಯೋಜನೆಗೆ ಶೇಕಡಾ ನೂರನ್ನೂ ಮೀರಿದ ಸ್ಪಂದನೆ, ಹಂಚಿದ ರಿಸೀವರುಗಳಿಗಿಂತ ಡೌನ್‌ಲೋಡ್‌ಗಳೇ ಹೆಚ್ಚು. ಆ ಹೆಚ್ಚಿನವು ಎಲ್ಲಿಂದ ಬಂದವು ಎಂದು ನಾನು ಹೇಳುತ್ತೇನೆ. ಒಂದು ಕಂಪ್ಯೂಟರಿನಲ್ಲಿ ಓಡದಿದ್ದಾಗ ಇನ್ನೊಂದರಲ್ಲಿ ಇಳಿಸಿಕೊಳ್ಳುತ್ತೇವೆ, ಅಲ್ಲೂ ಓಡದಿದ್ದರೆ ಮತ್ತೊಂದರಲ್ಲಿ. ನಮ್ಮ ಮನೆಯೊಂದೇ ನಿಮಗೆ ಮೂರು ಡೌನ್‌ಲೋಡ್ ಕೊಟ್ಟಿದೆ. ನಾವು ಸೋತಷ್ಟೂ ನಿಮ್ಮ ಶೇಕಡಾವಾರು ಏರುತ್ತದೆ. ಇಡೀ ಊರು ಮುಳುಗಿದರೆ ನೀವು ಶೇಕಡಾ ಮುನ್ನೂರಕ್ಕೆ ತಲುಪಬಹುದು.

ಕೇಬಲ್ಲಿನಲ್ಲಿ ಏನು ಹರಿಯುತ್ತದೆ ಎಂಬ ವಿವರವನ್ನು ಬಹಿರಂಗಪಡಿಸಿದರೆ ಮ್ಯಾಕ್‌ಗೂ ಲಿನಕ್ಸ್‌ಗೂ ತಂತ್ರಾಂಶ ಬರೆದುಕೊಡಲು ಬಲ್ಲವರು ಮುಂದೆ ಬರುತ್ತಾರೆ, ನಿಮ್ಮಿಂದ ಕಾಸೂ ಕೇಳುವುದಿಲ್ಲ ಎಂದು ಬರೆದು ಕೇಳಿದ್ದೆ. ಭದ್ರತೆಯ ಕಾರಣದಿಂದ ಸಾಧ್ಯವಿಲ್ಲ ಎಂದು ಉತ್ತರಿಸಿದಿರಿ. ಯಾರ ಭದ್ರತೆ? ಹೊಸ ತರಂಗಾಂತರ ನಿಮ್ಮ ಕರಪತ್ರದ ಮೊದಲ ಪುಟದಲ್ಲೇ ಅಚ್ಚಾಗಿದೆ. ಬೀದಿಯಲ್ಲಿ ಹೋಗುವವರಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಆ ರಿಸೀವರ್‌ಗೆ ಮಾತ್ರ. ಮನೆಯಲ್ಲಿರುವ ಪೆಟ್ಟಿಗೆಗೆ ಅದರ ಮನೆಯವರೇ ಒಂದು ಸಂಖ್ಯೆ ಹೇಳುವುದು ಯಾವ ದೇಶದ್ರೋಹ, ತಿಳಿಸಿ.

ಈಗ ನನ್ನ ಬೇಡಿಕೆ. ವಿವರವನ್ನು ಪ್ರಕಟಿಸಿ, ಎಲ್ಲ ಕಂಪ್ಯೂಟರಿಗೂ ಹೊಂದುವ ತಂತ್ರಾಂಶ ಮಾಡಿಸಿ, ರಿಸೀವರನ್ನು ಕೇಳಿಕೊಂಡ ಮೇಲೆಯೇ ಅದು ಯಶಸ್ವಿ ಎನ್ನಲಿ, ಅಲ್ಲಿಯ ತನಕ ಹಳೆಯ ಪೆಟ್ಟಿಗೆ ಹಿಡಿದ ಒಬ್ಬರನ್ನು ಮನೆಮನೆಗೆ ಕಳಿಸಿ. ಇವೆಲ್ಲ ನ್ಯಾಯವಾದವೇ. ಆದರೆ ಇವಕ್ಕೆ ಸಮಿತಿ ಬೇಕು, ಟೆಂಡರ್ ಬೇಕು, ಅಷ್ಟರಲ್ಲಿ ನಿಮ್ಮ ವರ್ಗಾವಣೆಯೂ ಆಗಿರುತ್ತದೆ. ಮಳೆ ಅದಕ್ಕೆಲ್ಲ ಕಾಯುವುದಿಲ್ಲ. ಬರುವ ತಿಂಗಳು ಮತ್ತೆ ಗೇಟು ತೆರೆಯುವುದಾಗಿ ನೀವೇ ಪ್ರಕಟಿಸಿದ್ದೀರಿ; ಯಾವ ದಿನ, ಯಾವ ಹೊತ್ತು ಎಂದು ರಿಸೀವರ್ ಹೇಳುತ್ತದಂತೆ. ಆದ್ದರಿಂದ ಈ ವಾರದೊಳಗೆ ನನ್ನ ತಂಗಿಯ ಮನೆ ಸುರಕ್ಷಿತವಲ್ಲ ಎಂದು ಘೋಷಿಸಿ. ಬಟನ್ ಇಲ್ಲದಿದ್ದರೆ ಕಾವಲುಗಾರನ ಕೈಯಲ್ಲಿ ಅವಳ ವಿಳಾಸವನ್ನು ಪೆನ್ನಿನಲ್ಲಿ ಬರೆದುಕೊಡಿ. ಬಾಗಿಲು ಬಡಿದರೆ ಅವಳಿಗೆ ತಿಳಿಯುವುದಿಲ್ಲ, ಒಳಗೆ ಬಂದು ಭುಜ ಮುಟ್ಟಬೇಕು. ಮನೆಯ ಒಂದು ಬೀಗದಕೈಯನ್ನು ಅವನಿಗೆ ಕೊಡಲು ಅವಳು ಒಪ್ಪಿದ್ದಾಳೆ. ಈ ಪತ್ರವನ್ನು ಓದಿ ಅವಳು ಹೇಳಿದ್ದು ಇಷ್ಟೇ: “ಅಷ್ಟುದ್ದ ಬರ್ದಿದ್ದೀಯಲ್ಲಣ್ಣ, ಅವರು ಓದ್ತಾರಾ? ‘ಈ ಮನೇಲಿ ಹೆಂಗಸೊಬ್ಬಳಿದ್ದಾಳೆ’ ಅಂತ ಒಂದು ಸಾಲು ಹಾಕಿದ್ರೆ ಸಾಕಿತ್ತು.”

ಆ ಸಾಲನ್ನೂ ಹಾಕಿದ್ದೇನೆ. ಈ ಮನೆಯಲ್ಲಿ ಹೆಂಗಸೊಬ್ಬಳಿದ್ದಾಳೆ.

ಇಂತಿ,
ಭಾವ ಊರಲ್ಲಿಲ್ಲದ ದಿನಗಳಲ್ಲಿ ತಂಗಿಯ ಕೋಣೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ನದಿ ನೋಡುತ್ತಾ ಕೂರುವ,
ಯಾವ ಆಪರೇಟಿಂಗ್ ಸಿಸ್ಟಮ್ಮೂ ಬೇಡದ, ಆದರೆ ಇತ್ತೀಚೆಗೆ ಕೂತಲ್ಲೇ ತೂಕಡಿಸುವ,
ಅವಳ ಅಣ್ಣ